ಈ ವಾರ ಯಾರನ್ನು ಆಡಿಸಲಿ, ಯಾರನ್ನು ಕೂರಿಸಲಿ?

ಸೆಪ್ಟೆಂಬರ್ ಬಂತೆಂದರೆ ಅಮೆರಿಕದ ಆಫೀಸುಗಳಲ್ಲಿ ಫ್ಯಾಂಟಸಿ ಫುಟ್‌ಬಾಲ್ ಲೀಗ್‌ಗಳು ಶುರುವಾಗುತ್ತವೆ. ಅಲ್ಲಿರುವ ಕನ್ನಡಿಗರು ಸೇರುತ್ತಾರೆ, ಅದೇ ಕಂಪನಿಗಳ ಬೆಂಗಳೂರು ಆಫೀಸಿನವರೂ ಸೇರುತ್ತಾರೆ. ಇದು ಕಾಲಿನಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ, ಎನ್‌ಎಫ್‌ಎಲ್, ಅಂದರೆ ಅಮೆರಿಕನ್ ಫುಟ್‌ಬಾಲಿನ ವೃತ್ತಿಪರ ಲೀಗ್. ಅದರ ನಿಜವಾದ ಆಟಗಾರರನ್ನು ಸುತ್ತು ಸುತ್ತಾಗಿ ಆರಿಸಿ ನಿಮ್ಮ ಕಾಲ್ಪನಿಕ ತಂಡ ಕಟ್ಟುತ್ತೀರಿ; ಅವರು ಮೈದಾನದಲ್ಲಿ ಮಾಡಿದ್ದಕ್ಕೆ ನಿಮಗೆ ಅಂಕ, ವಾರಕ್ಕೊಬ್ಬ ಸದಸ್ಯನ ತಂಡದ ವಿರುದ್ಧ ನಿಮ್ಮ ಪಂದ್ಯ. ಹದಿನೈದು ಹದಿನಾರು ಆಟಗಾರರ ತಂಡ ಕಟ್ಟಿಕೊಂಡ ಮೇಲೆ ವಾರಕ್ಕೆ ಒಂಬತ್ತು ಜನರನ್ನಷ್ಟೇ ಆಡಿಸಬಹುದು. ಬೆಂಚಿನಲ್ಲಿ ಕೂತವನು ಎಷ್ಟು ಗಳಿಸಿದರೂ ಲೆಕ್ಕಕ್ಕಿಲ್ಲ. ಹಾಗಾಗಿ ಬುಧವಾರದಿಂದ ಭಾನುವಾರದವರೆಗೆ ಬರುವ ಮೆಸೇಜುಗಳಲ್ಲೆಲ್ಲ ಪ್ರಶ್ನೆ ಒಂದೇ: "ನನ್ನ ಹತ್ತಿರ ಇವನೂ ಇದ್ದಾನೆ, ಅವನೂ ಇದ್ದಾನೆ, ಯಾರನ್ನು ಆಡಿಸಲಿ?"

ಇಬ್ಬರಲ್ಲಿ ಒಬ್ಬನ ಹೆಸರು ಹೇಳಿಬಿಡಬಹುದು. ಆದರೆ ಮುಂದಿನ ವಾರ ಮತ್ತೆ ಇದೇ ಪ್ರಶ್ನೆ ಬರುತ್ತದೆ. ಅದಕ್ಕೇ ಹೆಸರು ಬಿಟ್ಟು, ಹೆಸರಿಗೆ ತಲುಪುವ ದಾರಿಯನ್ನು ಬರೆಯುತ್ತಿದ್ದೇನೆ. ಆ ದಾರಿಯ ಮೊದಲ ಪ್ರಶ್ನೆ ಇಷ್ಟೇ: ಈ ವಾರ ಇವನ ಕೈಗೆ ಚೆಂಡು ಎಷ್ಟು ಸಲ ಬರುತ್ತದೆ? ಎದುರಾಳಿ ಯಾರು, ಹವಾಮಾನ ಹೇಗಿದೆ, ಕಳೆದ ವಾರ ಎಷ್ಟು ಅಂಕ ಬಂತು ಎಂಬುದೆಲ್ಲ ಆಮೇಲೆ.

ಅದಕ್ಕೂ ಮುಂಚೆ ನಿಮ್ಮ ಲೀಗಿನ ಅಂಕದ ನಿಯಮ ಓದಿಕೊಳ್ಳಿ. ಬಹಳ ಜನ ಓದಿರುವುದೇ ಇಲ್ಲ. ಓಟದಲ್ಲಾಗಲಿ ಕ್ಯಾಚಿನಲ್ಲಾಗಲಿ 10 ಯಾರ್ಡಿಗೆ 1 ಅಂಕ, ಟಚ್‌ಡೌನ್‌ಗೆ, ಅಂದರೆ ಚೆಂಡನ್ನು ಎದುರಾಳಿಯ ಗೆರೆ ದಾಟಿಸಿದ್ದಕ್ಕೆ, 6. ಕ್ವಾರ್ಟರ್‌ಬ್ಯಾಕ್ ಎಸೆದ 25 ಯಾರ್ಡಿಗೆ 1, ಎಸೆದ ಟಚ್‌ಡೌನ್‌ಗೆ 4. ಇವು ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ. ಬದಲಾಗುವುದು ಕ್ಯಾಚಿನ ಬೆಲೆ. ಕ್ಯಾಚಿಗೆ ಪೂರ್ತಿ 1 ಅಂಕ ಕೊಟ್ಟರೆ ಪಿಪಿಆರ್, 0.5 ಕೊಟ್ಟರೆ ಹಾಫ್ ಪಿಪಿಆರ್, ಏನೂ ಕೊಡದಿದ್ದರೆ ಸ್ಟ್ಯಾಂಡರ್ಡ್. ನೀವಾಗಿ ಬದಲಿಸದಿದ್ದರೆ ಇಎಸ್‌ಪಿಎನ್ ಲೀಗುಗಳಲ್ಲಿ ಪಿಪಿಆರ್ ಇರುತ್ತದೆ, ಯಾಹೂವಿನಲ್ಲಿ ಹಾಫ್. ಐದು ಕ್ಯಾಚ್ ಹಿಡಿದು 50 ಯಾರ್ಡ್ ಗಳಿಸಿದ ರಿಸೀವರ್‌ಗೆ ಸ್ಟ್ಯಾಂಡರ್ಡಿನಲ್ಲಿ 5, ಹಾಫಿನಲ್ಲಿ 7.5, ಪಿಪಿಆರ್‌ನಲ್ಲಿ 10. ಹದಿನಾಲ್ಕು ಸಲ ಓಡಿ 70 ಯಾರ್ಡ್ ಮಾಡಿ ಒಂದೂ ಕ್ಯಾಚ್ ಹಿಡಿಯದ ರನ್ನಿಂಗ್ ಬ್ಯಾಕ್‌ಗೆ ಮೂರರಲ್ಲೂ 7. ಅಂದರೆ ಇಬ್ಬರಲ್ಲಿ ಯಾರು ಎಂಬ ನಿಮ್ಮ ಪ್ರಶ್ನೆಗೆ ಒಂದು ಲೀಗಿನಲ್ಲಿ ಬರುವ ಉತ್ತರ ಇನ್ನೊಂದು ಲೀಗಿನಲ್ಲಿ ತಿರುಗಿಬೀಳುತ್ತದೆ. ನಿಯಮ ಹೇಳದೆ ಸಲಹೆ ಕೇಳಿದವರಿಗೆ ಯಾರೂ ಸರಿಯಾದ ಉತ್ತರ ಕೊಡಲಾರರು.

ಎರಡನೆಯದು, ಒಂಬತ್ತು ಜಾಗಕ್ಕೂ ತಲೆ ಕೆಡಿಸಿಕೊಳ್ಳಬೇಡಿ. ಮೊದಲ ಎರಡು ಮೂರು ಸುತ್ತುಗಳಲ್ಲಿ ಆರಿಸಿದ ಆಟಗಾರ ಗಾಯವಿಲ್ಲದೆ ಇದ್ದಾನೆಂದರೆ, ಅವನ ಪಾತ್ರ ಬದಲಾಗಿಲ್ಲವೆಂದರೆ, ಅವನು ಆಡುತ್ತಾನೆ, ಅಷ್ಟೇ. 2021ರ ಡಿಸೆಂಬರ್ 19ರಂದು ಡೆನ್ವರ್ ವಿರುದ್ಧ ಸಿನ್ಸಿನಾಟಿಯ ರಿಸೀವರ್ ಜಮಾರ್ ಚೇಸ್ ಒಂದೇ ಕ್ಯಾಚ್ ಹಿಡಿದ, 3 ಯಾರ್ಡ್. ಅದು ಬಹಳ ಲೀಗುಗಳಲ್ಲಿ ಪ್ಲೇಆಫ್ ಸಮಯ. ಮುಂದಿನ ವಾರ ಅವನು 125 ಯಾರ್ಡ್ ಮಾಡಿದ. ಅದರ ಮುಂದಿನ ವಾರ, 2022ರ ಜನವರಿ 2ರಂದು, ಕ್ಯಾನ್ಸಸ್ ಸಿಟಿ ವಿರುದ್ಧ 11 ಕ್ಯಾಚ್, 266 ಯಾರ್ಡ್, 3 ಟಚ್‌ಡೌನ್. ಪಿಪಿಆರ್‌ನಲ್ಲಿ 55.6 ಅಂಕ. ಡೆನ್ವರ್ ಆಟ ನೋಡಿ ಹೆದರಿ ಅವನನ್ನು ಕೂರಿಸಿದ್ದರೆ ಇದೆಲ್ಲ ಬೆಂಚಿನಲ್ಲಿ ಕೊಳೆಯುತ್ತಿತ್ತು. ನಿಜವಾಗಿ ತೀರ್ಮಾನ ಬೇಕಾಗುವುದು ಎರಡನೇ ರನ್ನಿಂಗ್ ಬ್ಯಾಕ್, ಕೊನೆಯ ರಿಸೀವರ್, ಫ್ಲೆಕ್ಸ್ (ಓಡುವವನನ್ನೋ ಹಿಡಿಯುವವನನ್ನೋ ಹಾಕಬಹುದಾದ ಜಾಗ), ಡಿಫೆನ್ಸ್ (ಒಂದು ತಂಡದ ಇಡೀ ರಕ್ಷಣಾ ಪಡೆ), ಕಿಕ್ಕರ್ (ಚೆಂಡು ಒದೆಯುವವನು) ಜಾಗಗಳಿಗೆ. ಕೆಲವರಿಗೆ ಟೈಟ್ ಎಂಡ್ (ಕ್ಯಾಚೂ ಹಿಡಿಯುವ, ಎದುರಾಳಿಯನ್ನೂ ತಡೆಯುವ ಆಟಗಾರ) ಕೂಡ. ಸಮಯವೆಲ್ಲ ಅಲ್ಲಿಗೆ ಇಡಿ.

ಈಗ ಚೆಂಡಿನ ಲೆಕ್ಕ. ಒಂದು ದಿನದ ಕ್ರಿಕೆಟಿನಲ್ಲಿ ಏಳನೇ ಕ್ರಮಾಂಕದವನು ಎಷ್ಟೇ ಚೆನ್ನಾಗಿ ಹೊಡೆದರೂ ಅವನಿಂದ ವಾರವಾರ ಐವತ್ತು ರನ್ ನಿರೀಕ್ಷಿಸಲಾಗದು, ಏಕೆಂದರೆ ಅವನಿಗೆ ಸಿಗುವ ಬಾಲ್‌ಗಳೇ ಕಡಿಮೆ. ಇಲ್ಲೂ ಹಾಗೆಯೇ. ರಿಸೀವರ್‌ಗೆ ನೋಡಬೇಕಾದ್ದು ಟಾರ್ಗೆಟ್, ಅಂದರೆ ಅವನ ಕಡೆಗೆ ಎಸೆದ ಚೆಂಡುಗಳ ಸಂಖ್ಯೆ. ಹಿಡಿದನೋ ಬಿಟ್ಟನೋ ಎಂಬುದು ನಂತರದ ಮಾತು. ಒಂದು ತಂಡ ಆಟಕ್ಕೆ ಸುಮಾರು 32ರಿಂದ 35 ಸಲ ಎಸೆಯುತ್ತದೆ. ಅದರಲ್ಲಿ ಕಾಲು ಭಾಗ ಒಬ್ಬನಿಗೇ ಹೋದರೆ ಎಂಟು ಟಾರ್ಗೆಟ್, ಅಂಥವನನ್ನು ಕೂರಿಸುವ ಮಾತೇ ಇಲ್ಲ. ಐದನೇ ಒಂದು ಭಾಗವಿದ್ದರೆ ಫ್ಲೆಕ್ಸಿಗೆ ಧೈರ್ಯವಾಗಿ ಹಾಕಬಹುದು. ಆಟಕ್ಕೆ ಮೂರು ನಾಲ್ಕು ಟಾರ್ಗೆಟ್ ಸಿಗುವವನು ಕಳೆದ ವಾರ 60 ಯಾರ್ಡಿನ ಒಂದು ಟಚ್‌ಡೌನ್‌ನಿಂದ ಪಿಪಿಆರ್‌ನಲ್ಲಿ 13 ಅಂಕ ತಂದಿದ್ದರೆ, ಈ ವಾರ ಅವನು ಎರಡೇ ಅಂಕ ತಂದರೆ ಆಶ್ಚರ್ಯಪಡಬಾರದು. ಕಳೆದ ವಾರದ ಅಂಕದ ಹಿಂದೆ ಓಡುವುದು ಈ ಆಟದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ತಪ್ಪು.

ಟಾರ್ಗೆಟ್ ಎಷ್ಟು ಬೇಗ ಸತ್ಯ ಹೇಳುತ್ತದೆ ಎಂಬುದಕ್ಕೆ 2023ರ ರಿಸೀವರ್ ಪೂಕಾ ನಾಕುವಾ ಸಾಕು. ಎನ್‌ಎಫ್‌ಎಲ್ ತಂಡಗಳು ಹೊಸಬರನ್ನು ಆರಿಸುವ ಡ್ರಾಫ್ಟಿನಲ್ಲಿ ಲಾಸ್ ಏಂಜಲೀಸ್ ರ‍್ಯಾಮ್ಸ್ ಅವನನ್ನು ಐದನೇ ಸುತ್ತಿನಲ್ಲಿ ಆರಿಸಿತ್ತು, ಹೆಚ್ಚಿನ ಲೀಗುಗಳಲ್ಲಿ ಅವನನ್ನು ಯಾರೂ ತೆಗೆದುಕೊಂಡಿರಲಿಲ್ಲ. ಮೊದಲ ವಾರ 15 ಟಾರ್ಗೆಟ್, 10 ಕ್ಯಾಚ್, 119 ಯಾರ್ಡ್, ಟಚ್‌ಡೌನ್ ಇಲ್ಲ. ಒಂದು ವಾರದ ಅದೃಷ್ಟ ಎಂದವರು ಬಹಳ. ಆದರೆ 15 ಸಲ ಚೆಂಡು ಒಬ್ಬನ ಕಡೆ ಹೋಗುವುದು ಅದೃಷ್ಟದಿಂದ ಆಗುವುದಿಲ್ಲ, ಕೋಚ್ ಮತ್ತು ಕ್ವಾರ್ಟರ್‌ಬ್ಯಾಕ್ ಹಾಗೆ ತೀರ್ಮಾನಿಸಿದ್ದರಿಂದ ಆಗುತ್ತದೆ. ಎರಡನೇ ವಾರ 20 ಟಾರ್ಗೆಟ್, 15 ಕ್ಯಾಚ್, 147 ಯಾರ್ಡ್. ಸೀಸನ್ ಮುಗಿಯುವಾಗ 105 ಕ್ಯಾಚ್, 1,486 ಯಾರ್ಡ್; ಎರಡೂ ಆಗ ಹೊಸ ಆಟಗಾರರ ದಾಖಲೆಯಾಗಿದ್ದವು.

ರನ್ನಿಂಗ್ ಬ್ಯಾಕ್‌ಗೆ ಮೂರು ಸಂಖ್ಯೆ ನೋಡಿ: ತಂಡದ ಒಟ್ಟು ಸ್ನ್ಯಾಪ್‌ಗಳಲ್ಲಿ (ಚೆಂಡು ಆಟಕ್ಕೆ ಬಂದ ಸರದಿಗಳಲ್ಲಿ) ಇವನು ಮೈದಾನದಲ್ಲಿದ್ದದ್ದು ಎಷ್ಟು ಪಾಲು, ಓಟ ಎಷ್ಟು, ಟಾರ್ಗೆಟ್ ಎಷ್ಟು. ಪಿಪಿಆರ್‌ನಲ್ಲಿ ಓಟವನ್ನೂ ಟಾರ್ಗೆಟನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಒಂದು ಓಟಕ್ಕೆ ಸರಾಸರಿ ನಾಲ್ಕು ಚಿಲ್ಲರೆ ಯಾರ್ಡ್, ಅಂದರೆ 0.4 ಅಂಕದ ಆಸುಪಾಸು. ಒಂದು ಟಾರ್ಗೆಟ್ ಕ್ಯಾಚಾದರೆ ಕ್ಯಾಚಿಗೇ 1 ಅಂಕ, ಮೇಲೆ ಯಾರ್ಡು. ಒಂದಷ್ಟು ಕೈತಪ್ಪುತ್ತವೆಂದು ಕಳೆದರೂ ಟಾರ್ಗೆಟ್ಟಿನ ಬೆಲೆ ಓಟದ ಎರಡು ಪಟ್ಟಿಗಿಂತ ಹೆಚ್ಚೇ. ಆದ್ದರಿಂದ 9 ಓಟ 5 ಟಾರ್ಗೆಟ್ ಸಿಗುವವನು, 15 ಓಟ ಸಿಕ್ಕಿ ಟಾರ್ಗೆಟ್ಟೇ ಸಿಗದವನಿಗಿಂತ ಮೇಲು. ಇದಕ್ಕೆ ಒಂದು ಅಪವಾದ ಗೋಲ್ ಲೈನ್. ಕೊನೆಯ ಐದು ಯಾರ್ಡಿನೊಳಗೆ ಚೆಂಡು ಯಾರ ಕೈಗೆ ಕೊಡುತ್ತಾರೆ ಎಂದು ಕಳೆದ ನಾಲ್ಕು ವಾರದ್ದು ತೆಗೆದು ನೋಡಿ. ಮಧ್ಯದಲ್ಲೆಲ್ಲ ಓಡಿ ಸುಸ್ತಾದವನನ್ನು ಅಲ್ಲಿ ಹೊರಗೆ ಕರೆದು ದಪ್ಪನೆಯ ಇನ್ನೊಬ್ಬನನ್ನೋ, ಓಡಬಲ್ಲ ಕ್ವಾರ್ಟರ್‌ಬ್ಯಾಕನ್ನೋ ಬಳಸುವ ತಂಡಗಳಿವೆ. ಆರು ಅಂಕ ಅವರ ಪಾಲಾಗುತ್ತದೆ.

ಮುಖ್ಯ ಓಟಗಾರ ಗಾಯಗೊಂಡಾಗ ಬದಲಿಯವನನ್ನು ಆಡಿಸಬೇಕೇ? ಬದಲಿ ಒಬ್ಬನೇ ಆದರೆ ಹೌದು. ಇಬ್ಬರು ಹಂಚಿಕೊಳ್ಳುತ್ತಾರೆ ಎಂಬ ಸುಳಿವಿದ್ದರೆ ಒಂದು ವಾರ ಕಾದು ನೋಡುವುದು ವಾಸಿ.

ಇನ್ನು ಗಾಯದ ವರದಿ. ಇಲ್ಲೂ ಬಹಳ ತಪ್ಪಾಗುತ್ತದೆ, ಓದಲು ಕಲಿತರೆ ಬಹಳ ಲಾಭವೂ ಇದೆ. ಭಾನುವಾರದ ಆಟಕ್ಕೆ ತಂಡಗಳು ಬುಧವಾರ, ಗುರುವಾರ, ಶುಕ್ರವಾರ ಅಭ್ಯಾಸದ ವರದಿ ಕೊಡಬೇಕು: ಪೂರ್ತಿ ಅಭ್ಯಾಸ, ಸೀಮಿತ ಅಭ್ಯಾಸ, ಅಭ್ಯಾಸವಿಲ್ಲ. ಶುಕ್ರವಾರ ಅದರ ಮೇಲೆ ಒಂದು ಪಟ್ಟ ಬೀಳುತ್ತದೆ: ಕ್ವೆಶ್ಚನಬಲ್, ಡೌಟ್‌ಫುಲ್, ಔಟ್. ಮೊದಲು ಪ್ರಾಬಬಲ್ ಎಂಬುದೂ ಇತ್ತು. 2016ರಲ್ಲಿ ಅದನ್ನು ತೆಗೆದ ಮೇಲೆ ಖಂಡಿತ ಆಡುವವನೂ ಅನುಮಾನದವನೂ ಕ್ವೆಶ್ಚನಬಲ್ ಎಂಬ ಒಂದೇ ಹಣೆಪಟ್ಟಿಯಡಿ ಬಂದರು. ಅದಕ್ಕೇ ಪಟ್ಟ ನೋಡಬೇಡಿ, ಮೂರು ದಿನದ ದಿಕ್ಕು ನೋಡಿ. ಬುಧವಾರ ಅಭ್ಯಾಸವಿಲ್ಲ, ಗುರುವಾರ ಸೀಮಿತ, ಶುಕ್ರವಾರ ಪೂರ್ತಿ ಎಂದಿದ್ದರೆ ನಿಶ್ಚಿಂತೆಯಿಂದ ಆಡಿಸಿ. ಬುಧವಾರ, ಗುರುವಾರ ಸೀಮಿತ ಮಾಡಿ ಶುಕ್ರವಾರ ಅಭ್ಯಾಸಕ್ಕೇ ಬರಲಿಲ್ಲವೆಂದರೆ ಗಾಯ ಕೆದಕಿದೆ ಎಂದೇ ತಿಳಿಯಿರಿ. ಬುಧವಾರ ಮಾತ್ರ ತಪ್ಪಿಸಿಕೊಂಡ ಹಿರಿಯ ಆಟಗಾರನಿಗೆ ಎಷ್ಟೋ ಸಲ ಅದು ವಿಶ್ರಾಂತಿ ದಿನ, ಗಾಬರಿ ಬೇಡ. ಡೌಟ್‌ಫುಲ್ ಎಂದರೆ ಆಡುವುದಿಲ್ಲ ಎಂದೇ ಲೆಕ್ಕ ಹಾಕಿ ಬದಲಿ ಹುಡುಕಿ.

ಗಾಯದ ಜಾತಿಯೂ ಮುಖ್ಯ. ತೊಡೆಯ ಹಿಂಭಾಗದ ಸ್ನಾಯು, ಅಂದರೆ ಹ್ಯಾಮ್‌ಸ್ಟ್ರಿಂಗ್, ವೇಗದ ರಿಸೀವರ್‌ಗಳಿಗೆ ಆಟದ ಮಧ್ಯದಲ್ಲೇ ಮತ್ತೆ ಕೈಕೊಡುತ್ತದೆ. ಆಗ ನಿಮಗೆ ಸೊನ್ನೆಯೂ ಬರಬಹುದು, ಬದಲಾಯಿಸುವ ಅವಕಾಶವೂ ಇರುವುದಿಲ್ಲ. ತಲೆಗೆ ಪೆಟ್ಟು ಬಿದ್ದವನು ಐದು ಹಂತಗಳನ್ನು ದಾಟಿ, ತಂಡಕ್ಕೆ ಸೇರದ ಸ್ವತಂತ್ರ ನರತಜ್ಞರು ಒಪ್ಪಿದ ಮೇಲಷ್ಟೇ ಬರಬೇಕು. ಆದರೆ ಒಪ್ಪಿಗೆ ಸಿಕ್ಕಿ ಬಂದರೆ ಅವನು ಸಾಮಾನ್ಯವಾಗಿ ಪೂರ್ತಿ ಆಟ ಆಡುತ್ತಾನೆ. ಬೆರಳಿನ ಗಾಯ ಓಟಗಾರನಿಗೆ ಸಣ್ಣದು, ಕ್ವಾರ್ಟರ್‌ಬ್ಯಾಕ್ ಎಸೆಯುವ ಕೈಯದಾದರೆ ದೊಡ್ಡದು.

ಕೊನೆಯ ಮಾತು ಹೇಳುವುದು ಇನ್‌ಆ್ಯಕ್ಟಿವ್ ಪಟ್ಟಿ, ಅಂದರೆ ಆ ಆಟದಲ್ಲಿ ಆಡದವರ ಪಟ್ಟಿ. ಪ್ರತಿ ಆಟಕ್ಕೆ 90 ನಿಮಿಷ ಮೊದಲು ಅದು ಬರುತ್ತದೆ. ಭಾನುವಾರದ ಮೊದಲ ಆಟಗಳು ನ್ಯೂಯಾರ್ಕ್ ಸಮಯ ಮಧ್ಯಾಹ್ನ 1ಕ್ಕೆ, ಅಂದರೆ ಪಟ್ಟಿ 11:30ಕ್ಕೆ. ಬೆಂಗಳೂರಿನಲ್ಲಿ ಆಗ ರಾತ್ರಿ 9. ನವೆಂಬರ್‌ನ ಮೊದಲ ಭಾನುವಾರ ಅಮೆರಿಕದಲ್ಲಿ ಗಡಿಯಾರ ಹಿಂದಕ್ಕೆ ಹೋದ ಮೇಲೆ ಅದು ರಾತ್ರಿ 10 ಆಗುತ್ತದೆ. ಇಲ್ಲಿನವರಿಗೆ ಮೊದಲ ಆಟಗಳ ಪಟ್ಟಿ ನೋಡಿ ಮಲಗಲು ಅನುಕೂಲ, ಆದರೆ ಎರಡನೇ ಸರದಿಯ ಆಟಗಳು ನಡುರಾತ್ರಿ ಒಂದೂವರೆ ದಾಟಿದ ಮೇಲೆ ಶುರುವಾಗುತ್ತವೆ. ಹಾಗಾಗಿ ಬೆಂಗಳೂರಿನಲ್ಲಿದ್ದು ರಾತ್ರಿ ಎದ್ದಿರಲು ಆಗದವರು ಆ ಸರದಿಯ ಅನುಮಾನದ ಆಟಗಾರನನ್ನು ಆಡಿಸದಿರುವುದೇ ಒಳ್ಳೆಯದು.

2024ರ ಮೊದಲ ವಾರ ರನ್ನಿಂಗ್ ಬ್ಯಾಕ್ ಕ್ರಿಶ್ಚಿಯನ್ ಮೆಕ್ಯಾಫ್ರಿಯದ್ದು ಪಾಠದಂತಿದೆ. ಆ ವರ್ಷ ಬಹಳ ಲೀಗುಗಳಲ್ಲಿ ಮೊದಲಿಗೇ ಆರಿಸಿದ ಆಟಗಾರ. ಸ್ಯಾನ್ ಫ್ರಾನ್ಸಿಸ್ಕೋದ ಆಟ ಸೋಮವಾರ ರಾತ್ರಿ, ಮೇಲೆ ಕ್ವೆಶ್ಚನಬಲ್ ಎಂಬ ಪಟ್ಟ. ಆಟಕ್ಕೆ ಮುಂಚೆ ಬಂದ ಪಟ್ಟಿಯಲ್ಲಿ ಅವನು ಆಡುತ್ತಿಲ್ಲ ಎಂದಿತ್ತು. ಅಷ್ಟರಲ್ಲಿ ಬೆಂಚಿನಲ್ಲಿದ್ದ ಉಳಿದವರ ಆಟ ಭಾನುವಾರವೇ ಮುಗಿದು ಅವರು ಲಾಕ್ ಆಗಿದ್ದರು, ಅಂದರೆ ಬದಲಾಯಿಸುವಂತಿರಲಿಲ್ಲ. ಅವನ ಬದಲಿ ಜೋರ್ಡನ್ ಮೇಸನ್ 28 ಸಲ ಓಡಿ 147 ಯಾರ್ಡ್, ಒಂದು ಟಚ್‌ಡೌನ್ ಮಾಡಿದ, ಓಟದಿಂದಲೇ 20.7 ಅಂಕ. ಮೇಸನ್‌ನನ್ನು ಬೆಂಚಿನ ಮೂಲೆಯಲ್ಲಿ ಇಟ್ಟುಕೊಂಡವರು ಬದುಕಿದರು, ಉಳಿದವರಿಗೆ ಸೊನ್ನೆ. ಭಾನುವಾರ ರಾತ್ರಿ ಅಥವಾ ಸೋಮವಾರ ಆಡುವವನ ಮೇಲೆ ಅನುಮಾನವಿದ್ದರೆ, ಅದೇ ಆಟದ ಅಥವಾ ಅದಕ್ಕಿಂತ ತಡವಾದ ಆಟದ ಒಬ್ಬ ಬದಲಿ ನಿಮ್ಮ ಬೆಂಚಿನಲ್ಲಿ ಇರಲೇಬೇಕು. ಇಲ್ಲದಿದ್ದರೆ ಭಾನುವಾರ ಮಧ್ಯಾಹ್ನವೇ ಅವನನ್ನು ಕೂರಿಸಿ, ಸುಮಾರಾದರೂ ಖಚಿತವಾಗಿ ಆಡುವವನನ್ನು ಹಾಕಿ.

ಫ್ಲೆಕ್ಸ್ ಜಾಗದ ಗುಟ್ಟು ಇದಕ್ಕೇ ಅಂಟಿಕೊಂಡಿದೆ. ಅಲ್ಲಿಗೆ ರನ್ನಿಂಗ್ ಬ್ಯಾಕ್, ರಿಸೀವರ್, ಟೈಟ್ ಎಂಡ್ ಮೂವರಲ್ಲಿ ಯಾರನ್ನು ಬೇಕಾದರೂ ಹಾಕಬಹುದು. ಆದ್ದರಿಂದ ಎಲ್ಲರಿಗಿಂತ ತಡವಾಗಿ ಆಡುವವನು ಅಲ್ಲಿರಬೇಕು. ಗುರುವಾರ ಆಡುವ ರಿಸೀವರ್‌ನನ್ನು ರಿಸೀವರ್ ಜಾಗದಲ್ಲೇ ಹಾಕಿ, ಫ್ಲೆಕ್ಸಿನಲ್ಲಿ ಹಾಕಬೇಡಿ. ಹಾಕಿದರೆ ಅದು ಗುರುವಾರವೇ ಲಾಕ್ ಆಗಿ, ಭಾನುವಾರ ಒಬ್ಬ ರಿಸೀವರ್ ಹೊರಗುಳಿದಾಗ ಬೆಂಚಿನಲ್ಲಿರುವ ಒಳ್ಳೆಯ ರನ್ನಿಂಗ್ ಬ್ಯಾಕನ್ನು ತರಲು ಜಾಗವಿರುವುದಿಲ್ಲ. ಅಂಕಕ್ಕೆ ಒಂದಿಷ್ಟೂ ವ್ಯತ್ಯಾಸವಾಗದ, ಕೇವಲ ಪೆಟ್ಟಿಗೆ ಬದಲಿಸುವ ಕೆಲಸ ಇದು. ಆದರೂ ಅರ್ಧ ಲೀಗು ಮಾಡುವುದಿಲ್ಲ.

ಎದುರಾಳಿಯ ಬಗ್ಗೆ ಎಲ್ಲರೂ ಮೊದಲು ಕೇಳುತ್ತಾರೆ. ನಾನು ಅದನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಆ್ಯಪ್‌ಗಳಲ್ಲಿ ಹಸಿರು ಕೆಂಪು ಬಣ್ಣದಲ್ಲಿ ಕಾಣುವ ರ‍್ಯಾಂಕ್, ಆ ತಂಡ ಇಲ್ಲಿಯವರೆಗೆ ಆ ಜಾಗದ ಆಟಗಾರರಿಗೆ ಎಷ್ಟು ಅಂಕ ಬಿಟ್ಟುಕೊಟ್ಟಿದೆ ಎಂಬುದಷ್ಟೇ. ಮೂರನೇ ವಾರದಲ್ಲಿ ಅದು ಎರಡು ಆಟಗಳ ಲೆಕ್ಕ. ಆ ಎರಡೂ ಆಟದಲ್ಲಿ ಒಳ್ಳೆಯ ರಿಸೀವರ್‌ಗಳು ಎದುರಾಗಿದ್ದರೆ ತಂಡ ಕೆಟ್ಟದ್ದೆಂದು ಕಾಣುತ್ತದೆ, ಅಷ್ಟೇ. ಐದಾರು ವಾರ ಕಳೆಯುವವರೆಗೆ ಆ ಬಣ್ಣ ನಂಬಬೇಡಿ. ಅದಕ್ಕಿಂತ ಉಪಯೋಗದ ಅಂಕಿ ಒಂದಿದೆ: ಬೆಟ್ಟಿಂಗ್ ಮಾರುಕಟ್ಟೆ ಇಟ್ಟಿರುವ ಒಟ್ಟು ಅಂಕ ಮತ್ತು ಅಂತರ. ಬೆಟ್ ಕಟ್ಟಿ ಎಂದು ಹೇಳುತ್ತಿಲ್ಲ. ಆ ಅಂಕಿ ಸುದ್ದಿಯ ಹಾಗೆ ಎಲ್ಲರಿಗೂ ಸಿಗುತ್ತದೆ. ಒಟ್ಟು 48, ಗೆಲ್ಲಬೇಕಾದ ತಂಡದ ಅಂತರ 6 ಎಂದಿದ್ದರೆ, 48ರ ಅರ್ಧ 24ಕ್ಕೆ 6ರ ಅರ್ಧ 3 ಕೂಡಿಸಿ ಒಂದು ತಂಡಕ್ಕೆ 27, ಕಳೆದು ಇನ್ನೊಂದಕ್ಕೆ 21. ತಂಡಗಳ ಸರಾಸರಿ 22ರ ಆಸುಪಾಸು ಇರುವುದರಿಂದ, 27ರ ನಿರೀಕ್ಷೆ ಇರುವ ತಂಡದಲ್ಲಿ ಟಚ್‌ಡೌನ್‌ಗಳು ಹೆಚ್ಚು. 17ರ ತಂಡದ ಎರಡನೇ ರಿಸೀವರ್‌ನನ್ನು ಹಾಕುವ ಮುಂಚೆ ಎರಡು ಸಲ ಯೋಚಿಸಿ. ದೊಡ್ಡ ಅಂತರದಿಂದ ಗೆಲ್ಲುವ ತಂಡ ಕೊನೆಯಲ್ಲಿ ಓಡುತ್ತಾ ಸಮಯ ಕಳೆಯುತ್ತದೆ, ಅವರ ರನ್ನಿಂಗ್ ಬ್ಯಾಕ್‌ಗೆ ಓಟ ಸಿಗುತ್ತದೆ. ಸೋಲುವ ತಂಡ ಎಸೆಯುತ್ತಲೇ ಇರಬೇಕು, ಅಲ್ಲಿ ಕ್ಯಾಚ್ ಹಿಡಿಯದ ರನ್ನಿಂಗ್ ಬ್ಯಾಕ್ ಮೂರನೇ ಕ್ವಾರ್ಟರಿನಲ್ಲೇ ಮಾಯ.

ಹವಾಮಾನದಲ್ಲಿ ಮಳೆಗೆ, ಹಿಮಕ್ಕೆ ಜನ ಸುಮ್ಮನೆ ಹೆದರುತ್ತಾರೆ. ಹೆದರಬೇಕಾದ್ದು ಗಾಳಿಗೆ. ಗಂಟೆಗೆ 20 ಮೈಲಿ ದಾಟಿತೆಂದರೆ ದೂರದ ಎಸೆತ ಮತ್ತು ಫೀಲ್ಡ್ ಗೋಲ್ (ಕಂಬಗಳ ನಡುವೆ ಒದ್ದು ಗಳಿಸುವ ಗೋಲು) ಎರಡೂ ಕೆಡುತ್ತವೆ. 2021ರ ಡಿಸೆಂಬರ್ 6ರಂದು ಬಫಲೋ ಪಕ್ಕದ ಆರ್ಚರ್ಡ್ ಪಾರ್ಕಿನಲ್ಲಿ ಬೀಸಿದ ಗಾಳಿಗೆ ನ್ಯೂ ಇಂಗ್ಲೆಂಡಿನ ಕ್ವಾರ್ಟರ್‌ಬ್ಯಾಕ್ ಮ್ಯಾಕ್ ಜೋನ್ಸ್ ಇಡೀ ಆಟದಲ್ಲಿ ಮೂರೇ ಸಲ ಎಸೆದ. ತಂಡ 46 ಸಲ ಓಡಿ 14-10ರಿಂದ ಗೆದ್ದಿತು. ಆ ದಿನ ಅವರ ರಿಸೀವರ್‌ನನ್ನು ಆಡಿಸಿದ್ದವರ ಗತಿ ಊಹಿಸಿಕೊಳ್ಳಿ. ಡೆಟ್ರಾಯಿಟ್, ಮಿನಿಯಾಪೊಲಿಸ್, ನ್ಯೂ ಆರ್ಲಿಯನ್ಸ್, ಲಾಸ್ ವೇಗಸ್‌ಗಳಲ್ಲಿ ಚಾವಣಿ ಇರುವುದರಿಂದ ಈ ಚಿಂತೆಯೇ ಇಲ್ಲ. ಇಬ್ಬರು ಕಿಕ್ಕರ್‌ಗಳ ನಡುವೆ ತೀರ್ಮಾನವಾಗದಿದ್ದರೆ ಚಾವಣಿಯ ಕೆಳಗೆ ಒದೆಯುವವನನ್ನು ಹಾಕಿ, ಮುಂದಕ್ಕೆ ಹೋಗಿ. ಕಿಕ್ಕರ್ ಮೇಲೆ ಅದಕ್ಕಿಂತ ಹೆಚ್ಚು ಹೊತ್ತು ಕಳೆಯುವುದು ದಂಡ.

ಡಿಫೆನ್ಸ್‌ಗೆ ಮಾತ್ರ ಎದುರಾಳಿಯೇ ಎಲ್ಲ. ಡಿಫೆನ್ಸ್ ಎಷ್ಟು ಹೆಸರುವಾಸಿ ಎನ್ನುವುದಕ್ಕಿಂತ ಆ ಕಡೆ ಎಸೆಯುವವನು ಯಾರು ಎಂಬುದು ಮುಖ್ಯ. ಹೊಸ ಹುಡುಗನೋ ಬದಲಿಯೋ ಕ್ವಾರ್ಟರ್‌ಬ್ಯಾಕ್ ಆಗಿದ್ದು, ಆ ತಂಡದ ನಿರೀಕ್ಷಿತ ಅಂಕ 18ಕ್ಕಿಂತ ಕೆಳಗಿದ್ದರೆ, ವೇವರ್‌ನಲ್ಲಿ, ಅಂದರೆ ಲೀಗಿನಲ್ಲಿ ಯಾರೂ ತೆಗೆದುಕೊಳ್ಳದವರ ಪಟ್ಟಿಯಲ್ಲಿ, ಬಿದ್ದಿರುವ ಸಾಧಾರಣ ಡಿಫೆನ್ಸ್ ಕೂಡ ಸ್ಯಾಕ್ (ಎಸೆಯುವ ಮುಂಚೆಯೇ ಕ್ವಾರ್ಟರ್‌ಬ್ಯಾಕನ್ನು ಕೆಡವುವುದು), ಇಂಟರ್‌ಸೆಪ್ಷನ್ (ಎದುರಾಳಿಯ ಎಸೆತ ಹಿಡಿಯುವುದು) ಇವುಗಳಿಂದ ಅಂಕ ತರುತ್ತದೆ. ವಾರವಾರ ಬದಲಿಸಿ, ಮುಂದಿನ ವಾರದ ಒಳ್ಳೆಯ ಎದುರಾಳಿಯನ್ನು ಈ ವಾರವೇ ನೋಡಿ ಹಿಡಿದುಕೊಂಡರೆ ವೇವರ್ ಪೈಪೋಟಿಯೂ ತಪ್ಪುತ್ತದೆ.

ಎಲ್ಲ ನೋಡಿದ ಮೇಲೂ ಇಬ್ಬರು ಸಮ ಎನಿಸಿದರೆ? ಆ್ಯಪ್ ಒಬ್ಬನಿಗೆ 11.8, ಇನ್ನೊಬ್ಬನಿಗೆ 11.2 ಎಂದು ತೋರಿಸಿದರೆ ಆ 0.6ಕ್ಕೆ ಅರ್ಥವಿಲ್ಲ. ಆಗ ಲೀಗಿನಲ್ಲಿ ಆ ವಾರ ನಿಮ್ಮ ಎದುರು ಆಡುವವರ ತಂಡ ನೋಡಿ. ನೀವೇ ಬಲಶಾಲಿ ಎಂದಿದ್ದರೆ ಪ್ರತಿ ವಾರ ಎಂಟು ಹತ್ತು ತರುವ ಸ್ಥಿರ ಆಟಗಾರ ಸಾಕು. ಇಪ್ಪತ್ತು ಅಂಕ ಹಿಂದಿದ್ದರೆ ಆ ಸ್ಥಿರ ಹತ್ತು ನಿಮ್ಮನ್ನು ಗೆಲ್ಲಿಸುವುದಿಲ್ಲ; ದೂರದ ಎಸೆತಕ್ಕೆ ಓಡುವ, ಎರಡನ್ನೂ ಇಪ್ಪತ್ತೈದನ್ನೂ ತರಬಲ್ಲ ರಿಸೀವರ್ ಬೇಕು, ಅವನು ನಿಮ್ಮದೇ ಕ್ವಾರ್ಟರ್‌ಬ್ಯಾಕಿನ ತಂಡದವನಾದರೆ ಇನ್ನೂ ಒಳ್ಳೆಯದು. ಒಂದೇ ಟಚ್‌ಡೌನ್‌ಗೆ ಇಬ್ಬರ ಅಂಕವೂ ಬರುತ್ತದೆ.

ಕ್ಯಾಲೆಂಡರ್ ತಪ್ಪಿ ಸೋಲುವವರೂ ಕಡಿಮೆಯಿಲ್ಲ. ಐದರಿಂದ ಹದಿನಾಲ್ಕನೇ ವಾರದವರೆಗೆ ಸಾಮಾನ್ಯವಾಗಿ ತಂಡಗಳಿಗೆ ಸರದಿಯಂತೆ ಬೈ, ಅಂದರೆ ರಜೆ. ಮಂಗಳವಾರವೇ ನೋಡಿದರೆ ಬುಧವಾರದ ವೇವರ್‌ನಲ್ಲಿ ಬದಲಿ ಸಿಗುತ್ತಾನೆ, ಭಾನುವಾರ ನೋಡಿದರೆ ಉಳಿದಿರುವುದು ಹೊಟ್ಟು. ಲಂಡನ್ನಿನಲ್ಲಿ ನಡೆಯುವ ಆಟಗಳು ಭಾನುವಾರ ನ್ಯೂಯಾರ್ಕ್ ಸಮಯ ಬೆಳಗ್ಗೆ 9:30ಕ್ಕೆ. ಕ್ಯಾಲಿಫೋರ್ನಿಯಾದಲ್ಲಿ ಆಗ ಬೆಳಗ್ಗೆ 6:30. ಪಟ್ಟಿ ಬಂದಿರುವುದು 5ಕ್ಕೆ. ಹತ್ತು ಗಂಟೆಗೆ ನೋಡೋಣ ಎಂದು ಮಲಗಿದವರ ಆಟಗಾರ ಲಾಕ್ ಆಗಿರುತ್ತಾನೆ. ಥ್ಯಾಂಕ್ಸ್‌ಗಿವಿಂಗ್ ಗುರುವಾರ ಮೂರು ಆಟ, 2023ರಿಂದ ಮಾರನೆಯ ಶುಕ್ರವಾರವೂ ಒಂದು, ಡಿಸೆಂಬರಿನಲ್ಲಿ ಶನಿವಾರದ ಆಟಗಳು. ಆ ವಾರಗಳಲ್ಲಿ ಬುಧವಾರ ರಾತ್ರಿಯೇ ಇಡೀ ತಂಡವನ್ನು ಒಮ್ಮೆ ಜೋಡಿಸಿಬಿಡಿ.

ಸೋಮವಾರ ರಾತ್ರಿ ಒಂದು ವಿಚಿತ್ರ ಸಂದರ್ಭ ಬರುತ್ತದೆ. ಎದುರಾಳಿಯ ಆಟಗಾರರೆಲ್ಲ ಮುಗಿದಿದ್ದಾರೆ, ನೀವು 2 ಅಂಕ ಮುಂದಿದ್ದೀರಿ, ನಿಮಗೆ ಉಳಿದಿರುವುದು ಡಿಫೆನ್ಸ್ ಮಾತ್ರ. ಬಹಳ ಲೀಗುಗಳಲ್ಲಿ 35 ಅಂಕ ಬಿಟ್ಟುಕೊಟ್ಟ ಡಿಫೆನ್ಸ್‌ಗೆ ಮೈನಸ್ ಬೀಳುತ್ತದೆ, ಅಂದರೆ ಆಡಿಸಿದರೆ ಸೋಲಬಹುದು, ಕೂರಿಸಿದರೆ ಗೆದ್ದಂತೆ. ಖಾಲಿ ಜಾಗಕ್ಕೆ ದಂಡವಿದೆಯೇ ಎಂದು ಲೀಗಿನ ನಿಯಮ ನೋಡಿ, ಇಲ್ಲದಿದ್ದರೆ ಕೂರಿಸಿ. ಆದರೆ ನಿಮ್ಮ ಮುನ್ನಡೆ 0.4 ಎಂದಿದ್ದರೆ ಈ ಉಪಾಯ ಬೇಡ. ಆಟ ಮುಗಿದ ಎರಡು ಮೂರು ದಿನಗಳಲ್ಲಿ ಯಾರ್ಡುಗಳ ಲೆಕ್ಕ ತಿದ್ದುಪಡಿಯಾಗುತ್ತದೆ. ಎದುರಾಳಿಯ ಒಬ್ಬ ರಿಸೀವರ್‌ಗೆ ಐದು ಯಾರ್ಡ್ ಸೇರಿದರೂ ಸಾಕು, ಮಂಗಳವಾರ ಗೆದ್ದ ಪಂದ್ಯ ಗುರುವಾರ ಸೋತಿರುತ್ತದೆ. ಅಷ್ಟು ಕಡಿಮೆ ಅಂತರದಲ್ಲಿ ಡಿಫೆನ್ಸ್ ಆಡಲಿ, ಅವರ ಎದುರು ದುರ್ಬಲ ಕ್ವಾರ್ಟರ್‌ಬ್ಯಾಕ್ ಇದ್ದರಂತೂ ಖಂಡಿತ ಆಡಲಿ.